ಮುದ್ದತಿನ ಮುನ್ನಾದಿನ: ಗುಜರಾತಿನ ಮೂರು ಊರುಗಳಲ್ಲಿ ಆದಾಯ ತೆರಿಗೆ

ಅಹಮದಾಬಾದಿನ ಆಶ್ರಮ ರಸ್ತೆಯಲ್ಲಿ ಒಂದು ಬಸ್ ನಿಲ್ದಾಣದ ಹೆಸರು ‘ಇನ್‌ಕಮ್ ಟ್ಯಾಕ್ಸ್’. ಕಂಡಕ್ಟರ್ ಹಾಗೆಂದೇ ಕೂಗುತ್ತಾನೆ, ರಿಕ್ಷಾದವನಿಗೂ ಹಾಗೆಂದರೆ ಸಾಕು. ಆಯಕರ ಭವನವಿರುವ ಕಾರಣಕ್ಕೆ ಒಂದು ವೃತ್ತಕ್ಕೇ ಈ ಹೆಸರು ಅಂಟಿಕೊಂಡಿದೆ. ಅದೇ ವೃತ್ತದಲ್ಲಿ ಗಾಂಧೀಜಿಯ ಪ್ರತಿಮೆಯೂ ಇದೆ. ಉಪ್ಪಿನ ತೆರಿಗೆಯನ್ನು ಧಿಕ್ಕರಿಸಿ 1930ರ ಮಾರ್ಚ್ 12ರಂದು ಇದೇ ಸಾಬರಮತಿಯ ದಡದ ಆಶ್ರಮದಿಂದ ಹೊರಟವರ ಪ್ರತಿಮೆ ತೆರಿಗೆಯ ಹೆಸರಿನ ವೃತ್ತದಲ್ಲಿ ನಿಂತಿರುವುದನ್ನು ಯಾರೂ ಯೋಜಿಸಿ ಮಾಡಿರಲಾರರು. ಆದರೂ ಜುಲೈ ತಿಂಗಳ ಕೊನೆಯ ವಾರದಲ್ಲಿ ಅಲ್ಲಿ ಹಾದುಹೋಗುವ ನಮ್ಮಂಥವರಿಗೆ ಆ ಜೋಡಿ ಒಂದು ಕ್ಷಣ ಕಣ್ಣಿಗೆ ಬೀಳದೆ ಇರುವುದಿಲ್ಲ.

ಗುಜರಾತಿ ಭಾಷೆಯಲ್ಲಿ ಗಡುವಿಗೆ ‘ಮುದತ್’ ಎನ್ನುತ್ತಾರೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಕಡೆಯಿಂದ ಬಂದವರಿಗೆ ಈ ಪದವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ನಮ್ಮ ‘ಮುದ್ದತು ಠೇವಣಿ’ಯ ಮುದ್ದತು ಅದೇ. ಪದ ಹೊಂದುವುದು ಆಕಸ್ಮಿಕವೂ ಅಲ್ಲ. 1956ರವರೆಗೆ ಧಾರವಾಡವೂ ಸೂರತ್ತೂ ಮುಂಬಯಿಯ ಒಂದೇ ಸರಕಾರದ ಅಡಿಯಲ್ಲಿದ್ದವು. ಒಂದೇ ಕಚೇರಿಯ ಹುಕುಮುಗಳು, ಒಂದೇ ಬಗೆಯ ನಮೂನೆಗಳು ಎರಡೂ ಕಡೆಗೆ ಹೋಗುತ್ತಿದ್ದವು. ಆದುದರಿಂದ ಈ ಊರುಗಳ ತೆರಿಗೆಯ ಕತೆ ಅರ್ಧದಷ್ಟು ನಮ್ಮದೂ ಹೌದು. ಕೊನೆಯ ದಿನ ರಿಟರ್ನ್ ತುಂಬಲು ಕುಳಿತು ಗೊಣಗುವ ಜನ, ಆ ಕೊನೆಯ ದಿನ ಎಲ್ಲಿಂದ ಬಂತೆಂದು ಒಮ್ಮೆ ಕೇಳಿಕೊಳ್ಳಬಹುದಲ್ಲವೆ?

ಕತೆ ಆರಂಭವಾಗುವುದು 1860ರಲ್ಲಿ. 1857ರ ದಂಗೆಯನ್ನು ಅಡಗಿಸಲು ಮಾಡಿದ ಸಾಲ ಸರಕಾರದ ತಲೆಯ ಮೇಲಿತ್ತು. ಲಂಡನ್ನಿನ ‘ಎಕಾನಮಿಸ್ಟ್’ ಪತ್ರಿಕೆಯನ್ನು ಸ್ಥಾಪಿಸಿದ ಜೇಮ್ಸ್ ವಿಲ್ಸನ್ ಅವರನ್ನು ವೈಸರಾಯರ ಸಭೆಯ ಮೊದಲ ಹಣಕಾಸು ಸದಸ್ಯರನ್ನಾಗಿ ಕಲ್ಕತ್ತೆಗೆ ಕಳುಹಿಸಲಾಯಿತು. ಅವರು ಆ ವರ್ಷದ ಫೆಬ್ರವರಿಯಲ್ಲಿ ಮುಂಗಡಪತ್ರ ಮಂಡಿಸಿದರು; ಜುಲೈಯಲ್ಲಿ ಆದಾಯ ತೆರಿಗೆಯ ಶಾಸನ ಜಾರಿಗೆ ಬಂತು; ಆಗಸ್ಟ್ 11ರಂದು ಆಮಶಂಕೆಯಿಂದ ಕಲ್ಕತ್ತೆಯಲ್ಲೇ ತೀರಿಕೊಂಡರು. ತಾವು ಹಾಕಿದ ತೆರಿಗೆಯ ಮೊದಲ ಕಂತು ಬರುವುದನ್ನು ನೋಡಲು ಅವರು ಉಳಿಯಲಿಲ್ಲ. ವರ್ಷಕ್ಕೆ 200 ರೂಪಾಯಿಯಿಂದ 500 ರೂಪಾಯಿಯವರೆಗೆ ಆದಾಯವಿದ್ದವರಿಗೆ ನೂರಕ್ಕೆ 2, ಅದಕ್ಕೂ ಮೇಲಿನವರಿಗೆ ನೂರಕ್ಕೆ 4. ಶಾಸನದಲ್ಲಿ ಒಟ್ಟು 259 ಕಲಮುಗಳಿದ್ದವು. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಈ ತೆರಿಗೆ ಈ ನಾಡಿಗೆ ಒಗ್ಗದೆಂದು ಬರೆದು, ಬರೆದುದನ್ನು ಬಹಿರಂಗವಾಗಿ ಪ್ರಕಟಿಸಿ, ಅದಕ್ಕಾಗಿಯೇ ಹುದ್ದೆ ಕಳೆದುಕೊಂಡರು. ಅಂದಿನ ಮಂಗಳೂರು ಬಳ್ಳಾರಿಗಳು ಅವರ ಆಡಳಿತಕ್ಕೆ ಸೇರಿದ್ದವು.

ಆ ಶಾಸನದಲ್ಲಿ ಹಣಕ್ಕಿಂತ ಹೆಚ್ಚು ಹೊಸದಾಗಿದ್ದದ್ದು ಬೇರೆಯೇ ಒಂದು ಸಂಗತಿ ಎಂದು ನಮಗೆ ತೋರುತ್ತದೆ. ಭೂಮಿಗೆ ಕಂದಾಯವಿತ್ತು, ಸರಕಿಗೆ ಸುಂಕವಿತ್ತು, ಕಸುಬಿಗೆ ಮೊಹತರ್ಫಾ ಇತ್ತು. ಅವನ್ನು ಅಧಿಕಾರಿ ಕಣ್ಣಿನಿಂದ ಕಂಡು ನಿರ್ಧರಿಸುತ್ತಿದ್ದ: ಹೊಲವನ್ನು ಅಳೆಯಬಹುದು, ಮೂಟೆಯನ್ನು ಎಣಿಸಬಹುದು, ಮಗ್ಗವನ್ನು ಲೆಕ್ಕ ಹಾಕಬಹುದು. ಆದಾಯ ಕಣ್ಣಿಗೆ ಕಾಣುವ ವಸ್ತುವಲ್ಲ. ಅದನ್ನು ಗಳಿಸಿದವನೇ ಹೇಳಬೇಕು. ‘ನನ್ನ ಗಳಿಕೆ ಇಷ್ಟು’ ಎಂದು ಒಂದು ಕಾಗದದಲ್ಲಿ ಬರೆದು, ಸಹಿ ಹಾಕಿ, ಇಂಥ ದಿನದೊಳಗೆ ಒಪ್ಪಿಸಬೇಕು. ವ್ಯಾಪಾರಿಯ ಚೋಪಡಾ, ಅಂದರೆ ಕೆಂಪು ಬಟ್ಟೆಯ ಹೊದಿಕೆಯ ಆ ಉದ್ದನೆಯ ಲೆಕ್ಕದ ಪುಸ್ತಕ, ಮನೆಯ ದೇವರ ಪೆಟ್ಟಿಗೆಯಷ್ಟೇ ಖಾಸಗಿಯಾದದ್ದು. ಅದರೊಳಗಿನದನ್ನು ಸರಕಾರ ಕೇಳಿತು.

ಸೂರತ್ ಇದನ್ನು ಸುಲಭವಾಗಿ ಒಪ್ಪಲಿಲ್ಲ. ಆ ಊರಿಗೆ ಈ ವಿಷಯದಲ್ಲಿ ಅಭ್ಯಾಸವಿತ್ತು ಎನ್ನಬೇಕು. 1844ರಲ್ಲಿ ಉಪ್ಪಿನ ಸುಂಕವನ್ನು ಏರಿಸಿದಾಗ ಅಲ್ಲಿ ದಂಗೆಯಾಗಿತ್ತು. 1848ರಲ್ಲಿ ಬಂಗಾಳದ ತೂಕ ಅಳತೆಗಳನ್ನು ಹೇರಲು ಹೊರಟಾಗ ಅಂಗಡಿಕಾರರು ಬಾಗಿಲು ಮುಚ್ಚಿ ಕುಳಿತು, ಸರಕಾರ ಆ ಪ್ರಯತ್ನವನ್ನೇ ಕೈಬಿಡುವಂತೆ ಮಾಡಿದ್ದರು. 1860ರ ನವೆಂಬರ್ ಕೊನೆಯಲ್ಲಿ ಆದಾಯ ತೆರಿಗೆಯ ವಿರುದ್ಧ ಸಾವಿರಾರು ಜನ ಅದೇ ಊರಿನಲ್ಲಿ ನೆರೆದರು, ಅಂಗಡಿಗಳು ಮುಚ್ಚಿದವು. ಈ ಬಾರಿ ಸರಕಾರ ಬಗ್ಗಲಿಲ್ಲ. ಮುಂದಾಳುಗಳ ಬಂಧನವಾಗಿ ಚಳವಳಿ ಬೇಗನೆ ಇಳಿಯಿತು. ತೆರಿಗೆ ಮಾತ್ರ ಐದು ವರ್ಷಕ್ಕಿಂತ ಹೆಚ್ಚು ಬಾಳಲಿಲ್ಲ. 1865ರಲ್ಲಿ ಅವಧಿ ಮುಗಿದು ನಿಂತುಹೋಯಿತು. ಆಮೇಲೆ ಲೈಸೆನ್ಸ್ ತೆರಿಗೆ, ಸರ್ಟಿಫಿಕೇಟ್ ತೆರಿಗೆ, ಮತ್ತೆ ಆದಾಯ ತೆರಿಗೆ ಎಂದು ಹೆಸರು ಬದಲಿಸಿಕೊಂಡು ಬಂದುಹೋಗುತ್ತ 1886ರ ಶಾಸನದಲ್ಲಿ ನೆಲೆಯೂರಿತು.

ಈ ನಡುವಿನ 1878ರ ಪ್ರಕರಣವೊಂದರ ಮುಂದೆ ಕನ್ನಡಿಗರು ಸ್ವಲ್ಪ ನಿಲ್ಲಬೇಕು. ಆ ವರ್ಷದ ಏಪ್ರಿಲ್‌ನಲ್ಲಿ ಲೈಸೆನ್ಸ್ ತೆರಿಗೆಯ ವಿರುದ್ಧ ಸೂರತ್ ಮತ್ತೆ ಅಂಗಡಿ ಮುಚ್ಚಿತು. ದಿನಗಟ್ಟಲೆ ಹರತಾಳ ನಡೆಯಿತು, ಗಲಭೆಯಾಯಿತು, ಪೊಲೀಸರು ಗುಂಡು ಹಾರಿಸಿದರು. ಊರಿನ ಕೆಲವು ಪ್ರಮುಖರ ಮೇಲೆ ಮೊಕದ್ದಮೆ ಹೂಡಿದಾಗ ಅವರ ಪರವಾಗಿ ವಾದಿಸಿದವರಲ್ಲಿ ತರುಣ ಬ್ಯಾರಿಸ್ಟರ್ ಫಿರೋಜ್‌ಶಾ ಮೆಹತಾ ಒಬ್ಬರು, ಆರೋಪಿಗಳು ಬಿಡುಗಡೆಯಾದರು. ಇಷ್ಟು ಸೂರತ್ತಿನ ಇತಿಹಾಸ. ಆದರೆ ಆ ತೆರಿಗೆ ಬಂದದ್ದೇಕೆ? 1876ರಿಂದ 1878ರವರೆಗೆ ದಕ್ಷಿಣವನ್ನು ಸುಟ್ಟ ಕ್ಷಾಮದಿಂದ. ಮೈಸೂರು ಸೀಮೆಯ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದ, ಬಿಜಾಪುರ ಧಾರವಾಡ ಬಳ್ಳಾರಿಗಳಲ್ಲಿ ಹಳ್ಳಿಗಳು ಬರಿದಾದ ಅದೇ ಕ್ಷಾಮ. ಮುಂದಿನ ಕ್ಷಾಮಗಳಿಗೆ ಒಂದು ನಿಧಿಯಿರಬೇಕೆಂದು ಸರಕಾರ ವ್ಯಾಪಾರಿಗಳ ಮೇಲೆ ಈ ತೆರಿಗೆ ಹಾಕಿತು. ಸಂಬಳದ ಅಧಿಕಾರಿಗಳನ್ನೂ ವಕೀಲ ವೈದ್ಯರನ್ನೂ ಹೊರಗಿಟ್ಟು, ಸಣ್ಣ ಅಂಗಡಿಯವನನ್ನು ಒಳಗೆ ಹಾಕಿಕೊಂಡಿತು. ಸೂರತ್ತಿನವನ ಸಿಟ್ಟು ನ್ಯಾಯವಾದದ್ದು. ನಮ್ಮ ಸೀಮೆಯ ಹಸಿವೂ ನಿಜವಾದದ್ದು. ಬಿಜಾಪುರದ ಹಸಿವನ್ನು ಸೂರತ್ತಿನ ಚೋಪಡಾದ ಲೆಕ್ಕಕ್ಕೆ ಹಚ್ಚಿದವರು ಇಬ್ಬರಿಗೂ ದೂರದವರು. ತಮ್ಮ ಸಂಬಳವನ್ನು ಆ ಲೆಕ್ಕದಿಂದ ಹೊರಗಿಟ್ಟುಕೊಂಡವರು. 1886ರ ಶಾಸನ ಈ ಒಂದು ತಪ್ಪನ್ನಾದರೂ ತಿದ್ದಿ ಸಂಬಳದಾರರನ್ನು ಒಳಗೆ ತಂದಿತು. ಇಂದು ನಮ್ಮ ಪೈಕಿ ಹೆಚ್ಚಿನವರು ಫಾರ್ಮ್ 16 ಹಿಡಿದು ಕೂರುವುದು ಆ ತಿದ್ದುಪಡಿಯ ಸಂತಾನವಾಗಿ.

ಸೂರತ್ತಿನಿಂದ ಉತ್ತರಕ್ಕೆ, ರೈಲಿನಲ್ಲಿ ಎರಡು ಗಂಟೆಯ ಆಸುಪಾಸಿನ ದಾರಿಯಲ್ಲಿರುವ ವಡೋದರಾದ ಕತೆ ಬೇರೆ. ಅದು ಗಾಯಕವಾಡರ ರಾಜಧಾನಿ. ಬ್ರಿಟಿಷರ ಆದಾಯ ತೆರಿಗೆ ಅಲ್ಲಿ ನಡೆಯುತ್ತಿರಲಿಲ್ಲ. ಆದರೆ ತೆರಿಗೆಯೇ ಇರಲಿಲ್ಲವೆಂದಲ್ಲ. ಗುಜರಾತಿಯಲ್ಲಿ ತೆರಿಗೆಗೆ ‘ವೇರೋ’, ಆದಾಯ ತೆರಿಗೆಗೆ ‘ಆವಕವೇರೋ’. ಹಳೆಯ ಬರೋಡಾ ಸಂಸ್ಥಾನದಲ್ಲಿ ಜಾತಿಗೊಂದು, ಕಸುಬಿಗೊಂದು ಎಂಬಂತೆ ಹತ್ತಾರು ಪುಟ್ಟ ವೇರೋಗಳಿದ್ದವು. ಮೂರನೆಯ ಸಯಾಜಿರಾವ್ ಅವರ ಆಡಳಿತ ಅವನ್ನು ಕಿತ್ತುಹಾಕಿ ತನ್ನದೇ ಆದಾಯ ತೆರಿಗೆಯನ್ನು ತಂದಿತು. ಯಾವ ಜಾತಿ, ಯಾವ ಕಸುಬು ಎಂದು ಕೇಳುವ ಬದಲು ಎಷ್ಟು ಗಳಿಕೆ ಎಂದು ಕೇಳುವುದು ಆ ಕಾಲಕ್ಕೆ ದೊಡ್ಡ ಸುಧಾರಣೆ. ಸೂರತ್ತಿನಲ್ಲಿ ಅವಮಾನವಾಗಿ ಕಂಡ ಪ್ರಶ್ನೆ ಪಕ್ಕದ ಊರಿನಲ್ಲಿ ಬಿಡುಗಡೆಯಂತೆ ಬಂದುದೂ ಉಂಟು. ಮೈಸೂರು ಸಂಸ್ಥಾನಕ್ಕೂ 1923ರ ತನ್ನದೇ ಆದಾಯ ತೆರಿಗೆ ಶಾಸನವಿತ್ತು. ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಬರೋಡಾಕ್ಕೆ ಭಾರತದ ತೆರಿಗೆ ಕಾನೂನು ತಲುಪಿದ್ದು 1949ರ ಶಾಸನದಿಂದ. ಮೈಸೂರಿಗೆ 1950ರ ಏಪ್ರಿಲ್ 1ರಿಂದ.

ವಡೋದರಾದ ಮಾತು ಬಂದಾಗ ಹೇಳದೆ ಇರಲಾಗದ ಇನ್ನೊಂದು ಸಂಗತಿ, ಸ್ವಲ್ಪ ದಾರಿ ತಪ್ಪಿದರೂ ಸರಿ. ಈ ಊರಿನ ಹೆಸರು ‘ವಡಪದ್ರಕ’ ಎಂದು ಮೊದಮೊದಲು ಕಾಣುವುದು ಶಕವರ್ಷ 734ರ, ಎಂದರೆ ಕ್ರಿಸ್ತಶಕ 812ರ ಹೊತ್ತಿನ, ತಾಮ್ರಶಾಸನವೊಂದರಲ್ಲಿ. ಕೊಟ್ಟವನು ಲಾಟ ದೇಶವನ್ನು ಆಳುತ್ತಿದ್ದ ರಾಷ್ಟ್ರಕೂಟ ಕರ್ಕ ಸುವರ್ಣವರ್ಷ. ಮಾನ್ಯಖೇಟದ ನಮ್ಮ ಅಮೋಘವರ್ಷ ಬಾಲಕನಾಗಿ ಪಟ್ಟಕ್ಕೆ ಬಂದಾಗ ಅವನಿಗೆ ಒತ್ತಾಸೆಯಾಗಿ ನಿಂತವನು ಇವನೇ. ಅಂಕೋಟ್ಟಕ, ಇಂದಿನ ಅಕೋಟಾ, ಕೇಂದ್ರವಾಗಿದ್ದ ಎಂಬತ್ತನಾಲ್ಕು ಹಳ್ಳಿಗಳ ಗುಂಪಿನಲ್ಲಿದ್ದ ವಡಪದ್ರಕವನ್ನು ಅವನು ಒಬ್ಬ ಬ್ರಾಹ್ಮಣನಿಗೆ ದಾನ ಕೊಟ್ಟ. ದಾನವೆಂದರೆ ಆ ಹಳ್ಳಿಯಿಂದ ಅರಸನಿಗೆ ಬರಬೇಕಾದ ತೆರಿಗೆಗಳನ್ನು ಬಿಟ್ಟುಕೊಡುವುದು. ಊರೊಂದು ಇತಿಹಾಸದೊಳಗೆ ಬಂದದ್ದು ತೆರಿಗೆಯ ಬಾಬತ್ತಿನಲ್ಲಿ, ಅದೂ ಕನ್ನಡ ನಾಡಿನ ಅರಸುಮನೆತನದ ಸಹಿಯೊಂದಿಗೆ. ಅಕೋಟಾದ ಫ್ಲ್ಯಾಟುಗಳಲ್ಲಿ ವಾಸಿಸುವ ಕನ್ನಡಿಗರು ಸ್ಥಳೀಯರೊಂದಿಗೆ ಈ ವಿಷಯವನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು, ಆದರೆ ತೆರಿಗೆ ಕಚೇರಿಯಲ್ಲಿ ಅದರಿಂದ ಪ್ರಯೋಜನವಿಲ್ಲ.

ಇನ್ನು ಮುದ್ದತಿನ ವಿಚಾರ. 1961ರ ಶಾಸನ 1962ರ ಏಪ್ರಿಲ್ 1ರಿಂದ ಜಾರಿಯಾದಾಗ ಸಂಬಳದವರಿಗೆ ಜೂನ್ 30 ಕೊನೆಯ ದಿನವಾಗಿತ್ತು. ಕಾಲಾನಂತರದಲ್ಲಿ ಅದು ಜುಲೈ 31 ಆಯಿತು. ಆದರೆ ‘ವರ್ಷ’ ಎಂದರೆ ಯಾವ ವರ್ಷ? ಗುಜರಾತಿನ ವ್ಯಾಪಾರಿಗೆ ವರ್ಷ ಮುಗಿಯುವುದು ದೀಪಾವಳಿಯ ಅಮಾವಾಸ್ಯೆಗೆ. ಅಂದು ಚೋಪಡಾ ಪೂಜೆ. ಮರುದಿನ ಕಾರ್ತಿಕ ಶುದ್ಧ ಪಾಡ್ಯ, ವಿಕ್ರಮ ಸಂವತ್ಸರದ ಮೊದಲ ದಿನ. ಲಾಭ ಪಂಚಮಿಗೆ ಅಂಗಡಿ ತೆರೆದು ಹೊಸ ಪುಟದಲ್ಲಿ ಮೊದಲ ಬರಹ. ನಮ್ಮ ಹುಬ್ಬಳ್ಳಿ ಗದಗಿನ ಪೇಟೆಗಳಲ್ಲೂ ಯುಗಾದಿ ಪಂಚಾಂಗದ ಹೊಸ ವರ್ಷವಾದರೆ, ಕಿರ್ದಿ ಖತಾವಣಿಗಳಿಗೆ ಕುಂಕುಮ ಏರುವುದು ದೀಪಾವಳಿಯ ಲಕ್ಷ್ಮೀಪೂಜೆಗೇ. ಆದಾಯ ತೆರಿಗೆಯ ಕಾನೂನು ಬಹುಕಾಲ ಇದನ್ನು ಗೌರವಿಸಿತ್ತೆಂಬುದು ಇಂದಿನವರಿಗೆ ಅಚ್ಚರಿಯೆನಿಸಬಹುದು. ಬೇರೆಬೇರೆ ಲೆಕ್ಕವರ್ಷಗಳನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯ ವ್ಯಾಪಾರಿಗಳಿಗಿತ್ತು. ದೀಪಾವಳಿಯಿಂದ ದೀಪಾವಳಿಗೆ ಲೆಕ್ಕ ಕೊಟ್ಟರೂ ನಡೆಯುತ್ತಿತ್ತು. 1989-90ರ ತೆರಿಗೆ ನಿರ್ಧಾರಣಾ ವರ್ಷದಿಂದ ಈ ವ್ಯವಸ್ಥೆ ನಿಂತಿತು. ಎಲ್ಲರ ಲೆಕ್ಕವೂ ಮಾರ್ಚ್ 31ಕ್ಕೆ ಮುಗಿಯಬೇಕೆಂದಾಯಿತು.

ಇದು ಸಣ್ಣ ಬದಲಾವಣೆಯಲ್ಲ. ಕೊನೆಯ ವಾರದ ನೂಕುನುಗ್ಗಲಿಗೆ ಜನರ ಸೋಮಾರಿತನವೊಂದನ್ನೇ ದೂರುವವರು ಇದನ್ನು ಗಮನಿಸುವುದಿಲ್ಲ. ಮೊದಲು ಬೇರೆಬೇರೆ ತಿಂಗಳುಗಳಲ್ಲಿ ಹಂಚಿಹೋಗುತ್ತಿದ್ದ ಲೆಕ್ಕದ ಕೆಲಸ ಈಗ ಇಡೀ ದೇಶಕ್ಕೆ ಒಂದೇ ಋತುವಿನಲ್ಲಿ ಬರುತ್ತದೆ. ಸಂಬಳ ಕೊಟ್ಟವರು ಫಾರ್ಮ್ 16 ಕೊಡಲು ಜೂನ್ ಮಧ್ಯದವರೆಗೆ ಅವಕಾಶವಿದೆ. ಉಳಿಯುವುದು ಆರೇಳು ವಾರ. 2024ರ ಜುಲೈ 31ರವರೆಗೆ ದೇಶದಲ್ಲಿ ಸಲ್ಲಿಕೆಯಾದ 7.28 ಕೋಟಿ ರಿಟರ್ನುಗಳಲ್ಲಿ ಸುಮಾರು 70 ಲಕ್ಷ ಆ ಒಂದೇ ದಿನ ಬಂದವು. ಸಂಜೆ 7ರಿಂದ 8 ಗಂಟೆಯ ನಡುವೆ 5.07 ಲಕ್ಷ. ಕಚೇರಿಯಿಂದ ಮನೆಗೆ ಬಂದು, ಚಹಾ ಕುಡಿದು, ಕಂಪ್ಯೂಟರ್ ಮುಂದೆ ಕುಳಿತ ದೇಶವೊಂದರ ಚಿತ್ರ ಈ ಅಂಕಿಯಲ್ಲಿದೆ.

ಹೊರನಾಡಿನಲ್ಲಿರುವವರಿಗೆ ಆ ಸಂಜೆಯಲ್ಲಿ ತೊಡಕು ತುಸು ಹೆಚ್ಚು. ಊರಿನ ಮನೆಯ ಬಾಡಿಗೆ, ತಂದೆಯ ಹೆಸರಿನೊಂದಿಗೆ ಜಂಟಿಯಾಗಿರುವ ಠೇವಣಿಯ ಬಡ್ಡಿ, ಎಂದೋ ತೆರೆದ ಉಳಿತಾಯ ಖಾತೆ ಇವೆಲ್ಲದರ ಕಾಗದ ಉಡುಪಿಯಲ್ಲೋ ಶಿರಸಿಯಲ್ಲೋ ಇರುತ್ತದೆ. ಅದರ ಮೇಲೆ ಬ್ಯಾಂಕುಗಳ ವಿಲೀನ ಬೇರೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು, 1908ರಲ್ಲಿ ಸಯಾಜಿರಾವ್ ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಲೀನವಾದವು. ಮರುಪಾವತಿ ಬರಬೇಕಾದ ಖಾತೆಯನ್ನು ಮೊದಲೇ ದೃಢೀಕರಿಸಬೇಕು; ಶಾಖೆಯ ಸಂಕೇತ ಹಳೆಯದಾದರೆ ದೃಢೀಕರಣ ನಿಲ್ಲುತ್ತದೆ. ಕೊನೆಯ ದಿನ ಸಂಜೆ ಇದು ಗೊತ್ತಾದವರು ನಮ್ಮ ಬಳಗಗಳಲ್ಲಿ ಕಡಿಮೆಯೇನಿಲ್ಲ.

ಹಾಗೆಯೇ ಬೆಂಗಳೂರಿನೊಂದಿಗೆ ಒಂದು ವಿಚಿತ್ರ ನಂಟೂ ಇತ್ತು. ದೇಶದ ವಿದ್ಯುನ್ಮಾನ ರಿಟರ್ನುಗಳನ್ನು ಪರಿಶೀಲಿಸುವ ಕೇಂದ್ರ 2009ರ ಹೊತ್ತಿಗೆ ಬೆಂಗಳೂರಿನಲ್ಲಿ ನೆಲೆಗೊಂಡಿತು. ಡಿಜಿಟಲ್ ಸಹಿ ಇಲ್ಲದವರು ಒಂದು ಹಾಳೆಯ ಸ್ವೀಕೃತಿಯನ್ನು ಮುದ್ರಿಸಿ, ಶಾಯಿಯಲ್ಲಿ ಸಹಿ ಮಾಡಿ, 120 ದಿನಗಳೊಳಗೆ ಎಲೆಕ್ಟ್ರಾನಿಕ್ ಸಿಟಿಯ ಅಂಚೆ ಪೆಟ್ಟಿಗೆಗೆ ಸಾಧಾರಣ ಅಂಚೆ ಅಥವಾ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕಿತ್ತು. ಕೊರಿಯರ್ ಸಲ್ಲದು. ಸೂರತ್ತಿನ ಜವಳಿ ವ್ಯಾಪಾರಿಯ ಲಕೋಟೆಯ ಮೇಲೂ ‘ಬೆಂಗಳೂರು’ ಎಂದು ಬರೆಯುವ ಕಾಲ ಬಂತು. ಊರಿಗೆ ಕಾಗದ ಬರೆಯುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದ ನಮ್ಮವರಲ್ಲಿ ಅನೇಕರು ವರ್ಷಕ್ಕೊಮ್ಮೆ ಕರ್ನಾಟಕದ ವಿಳಾಸ ಬರೆದದ್ದು ಆ ಲಕೋಟೆಯ ಮೇಲೆ ಮಾತ್ರ. 2015ರಲ್ಲಿ ಮೊಬೈಲಿಗೆ ಬರುವ ಸಂಕೇತದಿಂದಲೇ ದೃಢೀಕರಿಸುವ ಸೌಲಭ್ಯ ಬಂದ ಮೇಲೆ ಆ ಅಂಚೆ ಕ್ರಮೇಣ ತೆಳುವಾಯಿತು.

ಆ 2015ರಲ್ಲೇ ಗುಜರಾತಿನ ಮುದ್ದತಿನ ಇತಿಹಾಸದ ಅತ್ಯಂತ ಕಠಿಣವಾದ ವಾರವೂ ಬಂತು. ರಿಟರ್ನ್ ನಮೂನೆಗಳು ತಡವಾಗಿ ಹೊರಬಂದುದರಿಂದ ಆ ವರ್ಷದ ಗಡುವು ಆಗಸ್ಟ್ 31ಕ್ಕೆ ಹೋಗಿತ್ತು. ಆಗಸ್ಟ್ 25ರಂದು ಅಹಮದಾಬಾದಿನ ಜಿಎಮ್‌ಡಿಸಿ ಮೈದಾನದಲ್ಲಿ ಪಾಟೀದಾರ ಮೀಸಲಾತಿ ಚಳವಳಿಯ ಬೃಹತ್ ಸಭೆ ನಡೆಯಿತು. ಅಂದು ಸಂಜೆಯಿಂದ ಹಿಂಸೆ ಹಬ್ಬಿತು. ಜೀವಗಳು ಹೋದವು, ಅಹಮದಾಬಾದ್ ಸೂರತ್‌ಗಳ ಕೆಲವು ಭಾಗಗಳಲ್ಲಿ ಕರ್ಫ್ಯೂ ಬಂತು, ಸೇನೆ ಇಳಿಯಿತು. ಮೊಬೈಲ್ ಇಂಟರ್ನೆಟ್ ಹಲವು ದಿನ ಸ್ತಬ್ಧವಾಯಿತು. ಮಕ್ಕಳು ಮನೆಗೆ ಮರಳಿದರೆ ಸಾಕೆನ್ನುವ ಹೊತ್ತಿನಲ್ಲಿ ತೆರಿಗೆಯ ಚಿಂತೆ ಹಗುರವಾದದ್ದು, ನಿಜ. ಆದರೂ ಅದು ಇತ್ತು. ಐದು ಲಕ್ಷ ಮೀರಿದ ಆದಾಯದವರು ಕಾನೂನಿನ ಪ್ರಕಾರ ಅಂತರ್ಜಾಲದಲ್ಲೇ ರಿಟರ್ನ್ ಸಲ್ಲಿಸಬೇಕು. ಅದಕ್ಕೆ ಹೋಗುವ ದಾರಿಗಳಲ್ಲಿ ಒಂದನ್ನು ಸರಕಾರವೇ ಮುಚ್ಚಿತ್ತು. ಲೆಕ್ಕಪರಿಶೋಧಕರ ಕಚೇರಿಗಳಿಗೆ ಜನ ಹೋಗುವಂತಿರಲಿಲ್ಲ.

ಆಗಸ್ಟ್ 31ರಂದೇ, ಎಂದರೆ ಗಡುವಿನ ದಿನವೇ, ನೇರ ತೆರಿಗೆಗಳ ಕೇಂದ್ರೀಯ ಮಂಡಳಿ ಗುಜರಾತಿನ ತೆರಿಗೆದಾರರಿಗೆ ಮಾತ್ರ ಸೆಪ್ಟೆಂಬರ್ 7ರವರೆಗೆ ಅವಧಿ ವಿಸ್ತರಿಸಿತು. ಎರಡು ದಿನ ಕಳೆದು, ಜಾಲತಾಣ ನಿಧಾನವಾಗಿದೆಯೆಂಬ ದೂರುಗಳ ಮೇಲೆ, ಅದೇ ಅವಧಿಯನ್ನು ಇಡೀ ದೇಶಕ್ಕೆ ಕೊಟ್ಟಿತು. 1860ರಲ್ಲಿ ಸೂರತ್ ಅಂಗಡಿ ಮುಚ್ಚಿ ಕೇಳಿದ್ದನ್ನು ಸರಕಾರ ಕೊಟ್ಟಿರಲಿಲ್ಲ. ಇಲ್ಲಿ ಯಾರೂ ತೆರಿಗೆಯ ವಿರುದ್ಧ ಬೀದಿಗಿಳಿದಿರಲಿಲ್ಲ. ಬೇರೆ ಕಾರಣಕ್ಕೆ ಮುಚ್ಚಿದ ಊರಿಗೆ ಏಳು ದಿನ ಸಿಕ್ಕವು. ನೂರೈವತ್ತು ವರ್ಷಗಳಲ್ಲಿ ತಕರಾರಿನ ರೂಪ ಬದಲಾಗಿದೆ. ಗಳಿಕೆಯನ್ನು ಬರೆದುಕೊಡುವುದಿಲ್ಲ ಎಂದು ಈಗ ಯಾರೂ ಹೇಳುವುದಿಲ್ಲ. ಬರೆಯಲು ಬೇಕಾದಷ್ಟು ದಿನ ಕೊಡಿ ಎನ್ನುತ್ತಾರೆ.

ಆ ಕೋರಿಕೆ ನ್ಯಾಯಾಲಯಕ್ಕೂ ಹೋಗಿದೆ, ಅದೂ ಇಲ್ಲಿಂದಲೇ. 2014ರ ಜುಲೈ ಕೊನೆಯಲ್ಲಿ ಸರಕಾರ ತೆರಿಗೆ ಲೆಕ್ಕಪರಿಶೋಧನೆಯ ಹೊಸ ನಮೂನೆಗಳನ್ನು ಹೊರಡಿಸಿತು. ತಡವಾಯಿತೆಂದು ತಾನೇ ಒಪ್ಪಿ ಪರಿಶೋಧನಾ ವರದಿಯ ಗಡುವನ್ನು ನವೆಂಬರ್ 30ಕ್ಕೆ ಮುಂದೂಡಿತು. ಆದರೆ ಆ ವರದಿಯನ್ನು ಆಧರಿಸಿ ಸಲ್ಲಿಸಬೇಕಾದ ರಿಟರ್ನಿನ ಗಡುವು ಸೆಪ್ಟೆಂಬರ್ 30ರಲ್ಲೇ ಉಳಿಯಿತು! ಅಡಿಗೆಗೆ ನವೆಂಬರ್, ಊಟಕ್ಕೆ ಸೆಪ್ಟೆಂಬರ್ ಎಂದಂತೆ. ಅಖಿಲ ಗುಜರಾತ್ ತೆರಿಗೆ ಸಲಹೆಗಾರರ ಒಕ್ಕೂಟ ಗುಜರಾತ್ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಸೆಪ್ಟೆಂಬರ್ 22ರಂದು ನ್ಯಾಯಾಲಯ ಇಂಥ ಪ್ರಕರಣಗಳಲ್ಲಿ ರಿಟರ್ನಿನ ದಿನವನ್ನೂ ನವೆಂಬರ್ 30ಕ್ಕೆ ಒಯ್ಯಲು ಮಂಡಳಿಗೆ ನಿರ್ದೇಶಿಸಿತು. ಮಂಡಳಿ ನಾಲ್ಕೇ ದಿನಗಳಲ್ಲಿ ಆದೇಶ ಹೊರಡಿಸಿತು. ತಡವಾದ ತೆರಿಗೆಯ ಮೇಲಿನ ಬಡ್ಡಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಇದು ನಮಗೆ ಸರಿಯಾದ ತೀರ್ಪೆಂದೇ ತೋರುತ್ತದೆ. ವಿಳಂಬ ಕೇಳುವವನದಾದರೆ ಅದರ ಬೆಲೆಯನ್ನು ಬರೆಯುವವನು ತೆರಬಾರದು; ಹಣ ಮಾತ್ರ ಸರಕಾರಕ್ಕೆ ಸೇರಬೇಕಾದ ದಿನವೇ ಸೇರಬೇಕು.

ಹಾಗೆಂದು ಪ್ರತಿಸಲವೂ ಬಾಗಿಲು ತೆರೆಯುವುದಿಲ್ಲ. ಕೋವಿಡ್ ವರ್ಷದ ಗಡುವುಗಳು ಹಲವು ಬಾರಿ ಮುಂದೆ ಹೋದ ಮೇಲೆ ಇನ್ನೂ ವಿಸ್ತರಣೆ ಬೇಕೆಂಬ ಅರ್ಜಿಯನ್ನು ಅದೇ ನ್ಯಾಯಾಲಯ 2021ರ ಜನವರಿ 13ರಂದು ವಜಾ ಮಾಡಿತು. ಸಮಯಕ್ಕೆ ಸರಿಯಾಗಿ ಸಲ್ಲಿಸಿದವರ ದೃಷ್ಟಿಯಿಂದ ನೋಡಿದರೆ ಅದರಲ್ಲೂ ನ್ಯಾಯವಿದೆ. ಅಂಗಡಿ ಮುಚ್ಚಿ ಕೂರಬಲ್ಲವರು, ಒಕ್ಕೂಟ ಕಟ್ಟಿ ವಕೀಲರನ್ನಿಡಬಲ್ಲವರು ಒಂದು ಕಡೆ. ಸಂಬಳದಿಂದ ತಿಂಗಳು ತಿಂಗಳೂ ತೆರಿಗೆ ಕಳೆದುಕೊಂಡು, 2018-19ರ ನಿರ್ಧಾರಣಾ ವರ್ಷದಿಂದ ತಡವಾದರೆ 5000 ರೂಪಾಯಿ, ಆದಾಯ ಐದು ಲಕ್ಷ ಮೀರದಿದ್ದರೆ 1000 ರೂಪಾಯಿ ಶುಲ್ಕವನ್ನೂ ತೆರುವವರು ಇನ್ನೊಂದು ಕಡೆ. ಎರಡನೆಯವರಿಗೆ ಸೂರತ್ತಿನ ಹರತಾಳದ ಪರಂಪರೆ ಇಲ್ಲ. ಅವರು ಸುತ್ತೋಲೆಗಾಗಿ ಕಾಯುತ್ತಾರೆ.

2025ರಲ್ಲಿ ಆ ಕಾಯುವಿಕೆ ಕೊನೆಯ ಗಂಟೆಗಳವರೆಗೆ ಎಳೆಯಿತು. ನಮೂನೆಗಳು ಬದಲಾದುದರಿಂದ ಜುಲೈ 31ರ ಗಡುವನ್ನು ಮೇ ತಿಂಗಳಲ್ಲೇ ಸೆಪ್ಟೆಂಬರ್ 15ಕ್ಕೆ ಸರಿಸಲಾಗಿತ್ತು. 15ರ ರಾತ್ರಿ, ದಿನ ಮುಗಿಯುವ ಹೊತ್ತಿಗೆ, ಇನ್ನೊಂದು ದಿನ ಕೊಟ್ಟಿರುವುದಾಗಿ ಪ್ರಕಟಣೆ ಬಂತು. ಅಷ್ಟರಲ್ಲಿ ಅವಸರದಲ್ಲಿ ಸಲ್ಲಿಸಿ ಮುಗಿಸಿದ್ದವರು ಬೈದುಕೊಂಡರು, ಸಲ್ಲಿಸದವರು ಮಲಗಿದರು. 1961ರ ಶಾಸನದ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಶಾಸನ ಬರುವುದೆಂದು ಆಗಲೇ ನಿಶ್ಚಯವಾಗಿತ್ತು. ಹಿಂದಿನ ವರ್ಷ, ನಿರ್ಧಾರಣಾ ವರ್ಷ ಎಂಬ ಎರಡು ಹೆಸರುಗಳ ಗೊಂದಲ ಕಳೆದು ಅದರಲ್ಲಿ ‘ತೆರಿಗೆ ವರ್ಷ’ ಎಂಬ ಒಂದೇ ಹೆಸರು ಉಳಿಯುತ್ತದೆ. ಹಳೆಯ ಶಾಸನದ ಆ ಹೆಚ್ಚುವರಿ ದಿನ, ಸೆಪ್ಟೆಂಬರ್ 16, ಮಂಗಳವಾರ. ಅಂದು ರಾತ್ರಿಯೂ ಸುತ್ತೋಲೆಗಾಗಿ ಕಾದವರಿದ್ದರು. ಅದು ಬರಲಿಲ್ಲ.